ಕೂಡಿಹಾಕುವುದು ಬೇರೆ, ಸೇರಿಸುವುದು ಬೇರೆ

ಇವತ್ತಿನ ಮಾತು ಹಬ್ಬದ ಬಗ್ಗೆ ಅಲ್ಲ, ಹಾಡಿನ ಬಗ್ಗೆಯೂ ಅಲ್ಲ. ಒಂದು ಫೋನ್ ಕರೆಯಿಂದ ಶುರು ಮಾಡುತ್ತೇನೆ.

ಒಂದು ಚಳಿಗಾಲದ ಶುಕ್ರವಾರ ಸಂಜೆ, ನಾನು ಕನ್ನಡ ಶಾಲೆಯ ಪಾಠಕ್ಕೆ ಹಾಳೆಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಹಿಂದೆ ನನ್ನ ಹತ್ತಿರ ಅಕ್ಷರ ಕಲಿತ ಹುಡುಗಿಯೊಬ್ಬಳು ಫೋನ್ ಮಾಡಿದಳು. ಈಗ ಅವಳು ಕಾಲೇಜಿನಲ್ಲಿದ್ದಾಳೆ. ದನಿ ತಗ್ಗಿಸಿ ಹೇಳಿದಳು: "ಆಂಟಿ, ಸೋಮವಾರ ಅಪ್ಪನಿಗೆ ರಜೆ. ಮೂರು ದಿನ ಸಿಗುತ್ತೆ. ಮನೆಯಲ್ಲಿದ್ದ ಬಾಟಲಿ ಎಲ್ಲಾ ಸಿಂಕಿಗೆ ಸುರಿದಿದ್ದೀವಿ. ಅಪ್ಪನನ್ನ ಬೇಸ್‌ಮೆಂಟ್‌ನಲ್ಲಿ ಇಟ್ಟು, ಕೀ ಅಮ್ಮನ ಹತ್ತಿರ ಇರುತ್ತೆ. ಅಪ್ಪನೂ ಒಪ್ಪಿದ್ದಾರೆ. ಮೂರು ದಿನ ತಡೆದರೆ ಬಿಟ್ಟುಹೋಗುತ್ತೆ ಅಲ್ವಾ? ಯಾರಿಗೂ ಹೇಳಬೇಡಿ."

ನನ್ನ ಕೈಯಲ್ಲಿದ್ದ ಹಾಳೆಗಳು ಕೆಳಗೆ ಬಿದ್ದವು. ಯಾಕೆಂದರೆ ಆ ಮೂರು ದಿನ ಹೇಗಿರುತ್ತದೆ ಎಂದು ನಾನು ನೋಡಿದ್ದೆ.

ಆ ಮನೆಯವರ ಒಪ್ಪಿಗೆ ಪಡೆದೇ, ಗುರುತು ಸಿಗದಂತೆ, ಇದನ್ನು ಹೇಳುತ್ತಿದ್ದೇನೆ. ನಡುವೆ ಸ್ವಲ್ಪ ಇತಿಹಾಸವೂ ಇದೆ. ಕನ್ನಡ ಎಂ.ಎ. ಓದಿದವಳು ಆಸ್ಪತ್ರೆಯ ಇತಿಹಾಸ ಯಾಕೆ ಹೇಳುತ್ತಾಳೆ ಎಂದು ಕೇಳಬೇಡಿ. ಅದು ಗೊತ್ತಿಲ್ಲದೆ ನಮ್ಮ ಮನೆಯಲ್ಲಿ ಒಂದು ಜೀವ ಹೋಗಿದೆ.

ಉಗ್ರಾಣದ ಕೋಣೆ

ನನ್ನ ತವರು ಹಾಸನ ಜಿಲ್ಲೆಯ ಮಲೆನಾಡಿನ ಕಡೆ. ನನ್ನ ಸೋದರಮಾವ ತುಂಬ ಚೆನ್ನಾಗಿ ಹಾಡುತ್ತಿದ್ದ. ಊರಿನ ನಾಟಕದಲ್ಲಿ ಪಾತ್ರ ಮಾಡುತ್ತಿದ್ದ. ನನಗೆ ಸೈಕಲ್ ಕಲಿಸಿದವನೂ ಅವನೇ. ಸಾರಾಯಿ ಆಗ ಪ್ಯಾಕೆಟ್ಟಿನಲ್ಲಿ ಸಿಗುತ್ತಿತ್ತು. ಮೊದಲು ಸಂಜೆ, ಆಮೇಲೆ ಮಧ್ಯಾಹ್ನ, ಕೊನೆಗೆ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಬೇಕಾಗುತ್ತಿತ್ತು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದೆ. ಅಂದರೆ 1993ರ ಮಾತು. ಅಜ್ಜಿ ಒಂದು ದಿನ ಗಟ್ಟಿ ಮನಸ್ಸು ಮಾಡಿ ಅವನನ್ನು ಉಗ್ರಾಣದ ಕೋಣೆಗೆ ಹಾಕಿ ಚಿಲಕ ಜಡಿಸಿದಳು. ಕಿಟಕಿಯಿಂದ ಗಂಜಿ, ಮಜ್ಜಿಗೆ ಕೊಡುತ್ತಿದ್ದಳು. ಮೊದಲ ದಿನ ಮಾವ ಎಲ್ಲರನ್ನೂ ಬೈದ. ಎರಡನೇ ದಿನ ಬೈಗುಳ ನಿಂತಿತು. ಕೈ ಎಷ್ಟು ನಡುಗುತ್ತಿತ್ತೆಂದರೆ ಲೋಟದ ಮಜ್ಜಿಗೆ ಅಂಗಿಯ ಮೇಲೆಲ್ಲ ಚೆಲ್ಲುತ್ತಿತ್ತು. ಮೈಯೆಲ್ಲ ಬೆವರು. ಮೂರನೇ ದಿನ ಗೋಡೆಯ ಮೇಲೆ ಇರುವೆ ಸಾಲು ಹರಿಯುತ್ತಿದೆ ಎಂದು ಅಂಗೈಯಿಂದ ಒರೆಸತೊಡಗಿದ. ಗೋಡೆಯಲ್ಲಿ ಏನೂ ಇರಲಿಲ್ಲ. ನನ್ನನ್ನು ನೋಡಿ ನೀನು ಯಾರು ಎಂದು ಕೇಳಿದ. ಗಾಳಿ ಸೋಕಿದೆ ಎಂದು ಊರಿನವರು ತಾಯಿತ ತಂದು ಕಟ್ಟಿದರು. ಆ ರಾತ್ರಿ ಫಿಟ್ಸ್ ಬಂತು. ಜೀಪು ಹುಡುಕಿ, ಆಸ್ಪತ್ರೆಯ ದಾರಿ ಹಿಡಿಯುವಷ್ಟರಲ್ಲಿ ಎರಡನೇ ಸಲ ಬಂತು. ಮಾವನಿಗೆ ಆಗ 34 ವರ್ಷ. ಆಸ್ಪತ್ರೆ ಸೇರುವ ಮೊದಲೇ ಹೋಗಿಬಿಟ್ಟ.

ಊರು ಹೇಳಿದ್ದು ಒಂದೇ ಮಾತು: ಕುಡಿದು ಸತ್ತ. ಆದರೆ ಅವನು ಸಾಯುವಾಗ ಮೂರು ದಿನದಿಂದ ಒಂದು ಹನಿ ಕುಡಿದಿರಲಿಲ್ಲ.

ಇದನ್ನು ಸರಳವಾಗಿ ಹೇಳುತ್ತೇನೆ, ನೆನಪಿಟ್ಟುಕೊಳ್ಳಿ. ಮದ್ಯ ಮಿದುಳಿನ ಮೇಲೆ ಬ್ರೇಕ್ ಇದ್ದ ಹಾಗೆ. ವರ್ಷಗಟ್ಟಲೆ ಆ ಬ್ರೇಕ್ ಒತ್ತಿಕೊಂಡೇ ಇದ್ದರೆ, ಗಾಡಿ ಮುಂದೆ ಹೋಗಬೇಕೆಂದು ಮಿದುಳು ಎಂಜಿನ್ನಿನ ವೇಗ ಹೆಚ್ಚಿಸಿಕೊಳ್ಳುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ಬ್ರೇಕಿನಿಂದ ಕಾಲು ತೆಗೆದರೆ ಏನಾಗುತ್ತದೆ? ಗಾಡಿ ಹಿಡಿತ ತಪ್ಪಿ ನುಗ್ಗುತ್ತದೆ. ಮೊದಲು ನಡುಕ, ಬೆವರು, ನಿದ್ದೆಯಿಲ್ಲದಿರುವುದು. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್. ಕೆಲವರಿಗೆ ಎರಡರಿಂದ ನಾಲ್ಕು ದಿನದೊಳಗೆ ಇಲ್ಲದ್ದು ಕಾಣುವುದು, ಕೇಳುವುದು, ಜ್ವರ, ದಿಕ್ಕು ತಪ್ಪಿದ ಮಾತು. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಎಂದು ಹೆಸರು. ಚಿಕಿತ್ಸೆ ಸಿಗದಿದ್ದರೆ ಇದು ಕೊಲ್ಲಬಹುದು. ಸಿಕ್ಕರೆ ಹೆಚ್ಚಿನವರು ಬದುಕುತ್ತಾರೆ. ನರಗಳನ್ನು ಮೆಲ್ಲಗೆ ಶಾಂತಗೊಳಿಸುವ ಮಾತ್ರೆ, ಥಯಾಮಿನ್ ಎಂಬ ಬಿ1 ವಿಟಮಿನ್, ಹಗಲು ರಾತ್ರಿ ನೋಡಿಕೊಳ್ಳುವ ನರ್ಸ್. ಇಷ್ಟೇ ಬೇಕಾಗಿದ್ದದ್ದು.

ನಮ್ಮ ಮಾವನಿಗೂ ನಾಲ್ಕು ಗೋಡೆಯ ಕೋಣೆ ಸಿಕ್ಕಿತ್ತು. ಉಳಿದದ್ದು ಸಿಗಲಿಲ್ಲ. ಕೋಣೆಯೊಂದೇ ಇದ್ದರೆ ಅದು ಜೈಲು. ಉಳಿದದ್ದೂ ಇದ್ದರೆ ಅದು ಆಸ್ಪತ್ರೆ. ಈ ವ್ಯತ್ಯಾಸವನ್ನು ಕಲಿಯಲು ನೀವು ಹುಟ್ಟಿ ಬೆಳೆದ ಈ ದೇಶಕ್ಕೂ ಸುಮಾರು 200 ವರ್ಷ ಬೇಕಾಯಿತು.

ಕೋಟೆಯೂ ಚಿನ್ನದ ಸೂಜಿಯೂ

ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರ ಹೆಸರುಗಳನ್ನು ನೀವು ಶಾಲೆಯಲ್ಲಿ ಓದಿರುತ್ತೀರಿ. ಅವರಲ್ಲಿ ಒಬ್ಬರು ಫಿಲಡೆಲ್ಫಿಯಾದ ವೈದ್ಯ ಬೆಂಜಮಿನ್ ರಷ್. ಕುಡಿತ ಬರೀ ಪಾಪವಲ್ಲ, ಅದು ರೋಗದ ಹಾಗೆ ಬೆಳೆಯುತ್ತದೆ ಎಂದು ಅವರು 1784ರಲ್ಲಿ ಬರೆದರು. ಕುಡುಕರನ್ನು ಜೈಲಿಗಲ್ಲ, ಅವರಿಗೆಂದೇ ಇರುವ ಒಂದು ಮನೆಗೆ ಕಳಿಸಬೇಕು ಎಂದೂ ಆಮೇಲೆ ಸೂಚಿಸಿದರು. ಅವರ ಕಾಲದಲ್ಲಿ ಅಂಥ ಮನೆ ಕಟ್ಟಲಿಲ್ಲ.

ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಂಟನ್‌ನಲ್ಲಿ 1864ರಲ್ಲಿ ಒಂದು ಆಸ್ಪತ್ರೆ ತೆರೆಯಿತು. ಕುಡಿತವನ್ನು ರೋಗವೆಂದೇ ತಿಳಿದು ಚಿಕಿತ್ಸೆ ಕೊಡಲು ಕಟ್ಟಿದ್ದು. ಬೆಟ್ಟದ ಮೇಲೆ ಕೋಟೆಯ ಹಾಗೆ ಕಾಣುವ ಕಟ್ಟಡ, ಇವತ್ತಿಗೂ ನಿಂತಿದೆ. ಆದರೆ ಸೇರಿಸಿಕೊಂಡ ಮೇಲೆ ಮಾಡಬೇಕಾದದ್ದೇನು, ಬಿಟ್ಟು ಕಳಿಸಿದ ಮೇಲೆ ಅವರು ಎಲ್ಲಿ ಹೋಗಬೇಕು ಎಂಬುದಕ್ಕೆ ಗಟ್ಟಿ ಉತ್ತರ ಇರಲಿಲ್ಲ. 15 ವರ್ಷದಲ್ಲಿ, 1879ರಲ್ಲಿ, ಅದನ್ನು ಮಾನಸಿಕ ರೋಗಿಗಳ ಆಸ್ಪತ್ರೆ ಮಾಡಿದರು.

ನಾವಿರುವ ಷಿಕಾಗೋ ಕಡೆಯಿಂದ ಸೇಂಟ್ ಲೂಯಿಸ್‌ಗೆ ಐ-55ರಲ್ಲಿ ಹೋಗುವಾಗ ಡ್ವೈಟ್ ಎಂಬ ಪುಟ್ಟ ಊರು ಸಿಗುತ್ತದೆ. ಒಂದು ಸಲ ಕಾಫಿಗೆಂದು ಅಲ್ಲಿ ಇಳಿದಾಗ ನನಗೆ ಈ ಕತೆ ಸಿಕ್ಕಿತು. ಅಂತರ್ಯುದ್ಧದಲ್ಲಿ ಕೆಲಸ ಮಾಡಿದ್ದ ಲೆಸ್ಲಿ ಕೀಲಿ ಎಂಬ ವೈದ್ಯರು ಕುಡಿತ ಒಂದು ರೋಗ, ಅದನ್ನು ನಾನು ವಾಸಿ ಮಾಡುತ್ತೇನೆ ಎಂದು ಸಾರಿ 1879ರ ಹೊತ್ತಿಗೆ ಇಲ್ಲಿ ಚಿಕಿತ್ಸೆ ಶುರು ಮಾಡಿದರು. ಔಷಧದಲ್ಲಿ ಚಿನ್ನ ಇದೆ ಎಂದು ಪ್ರಚಾರ. ರೈಲಿನಲ್ಲಿ ಬಂದ ಗಂಡಸರು ಊರಿನ ಹೋಟೆಲ್ಲಿನಲ್ಲಿ, ಮನೆಗಳಲ್ಲಿ ನಾಲ್ಕು ವಾರ ತಂಗಿ, ದಿನಕ್ಕೆ ನಾಲ್ಕು ಸಲ ಸಾಲಿನಲ್ಲಿ ನಿಂತು ಸೂಜಿ ಹಾಕಿಸಿಕೊಳ್ಳುತ್ತಿದ್ದರು. 1891ರಲ್ಲಿ ಷಿಕಾಗೋ ಟ್ರಿಬ್ಯೂನ್ ಪತ್ರಿಕೆಯ ಜೋಸೆಫ್ ಮೆಡಿಲ್ ಪರೀಕ್ಷೆ ಮಾಡೋಣವೆಂದು ಕೆಲವು ಕೈಮೀರಿದ ಕುಡುಕರನ್ನು ಕಳಿಸಿ, ಅವರು ಬದಲಾಗಿ ಬಂದದ್ದು ಕಂಡು ಹೊಗಳಿದರು. ಆಮೇಲೆ ದೇಶದ ಉದ್ದಗಲಕ್ಕೂ ಕೀಲಿಯ ಶಾಖೆಗಳು ಎದ್ದವು.

ಔಷಧದ ಗುಟ್ಟನ್ನು ಕೀಲಿ ಬಿಟ್ಟುಕೊಡಲಿಲ್ಲ. ಬೇರೆಯವರು ಪರೀಕ್ಷಿಸಿದಾಗ ಅದರಲ್ಲಿ ಚಿನ್ನ ಸಿಗಲಿಲ್ಲ. ಹಾಗಾದರೆ ಎಲ್ಲ ಮೋಸವೇ? ಸೂಜಿ ಬಿಟ್ಟು ಉಳಿದದ್ದನ್ನು ನೋಡಿ. ಡ್ವೈಟ್‌ನಲ್ಲಿ ಬೀಗ ಇರಲಿಲ್ಲ, ಕಿಟಕಿಗೆ ಸರಳು ಇರಲಿಲ್ಲ. ಬಂದ ಹೊಸಬರಿಗೆ ಮೊದಲ ದಿನಗಳಲ್ಲಿ ವಿಸ್ಕಿಯನ್ನೂ ಕೊಡುತ್ತಿದ್ದರು. ಅಂದರೆ ಯಾರನ್ನೂ ಒಮ್ಮೆಲೇ ನಿಲ್ಲಿಸುತ್ತಿರಲಿಲ್ಲ. ಸಾಲಿನಲ್ಲಿ ಪಕ್ಕದಲ್ಲಿ ನಿಂತವನೂ ಅದೇ ಕಷ್ಟದವನು. ಎರಡು ವಾರ ಮೊದಲು ಬಂದವನು ಹೊಸಬನಿಗೆ ಧೈರ್ಯ ಹೇಳುತ್ತಿದ್ದ. ಮುಗಿಸಿದವರು ತಮ್ಮದೇ ಸಂಘ ಕಟ್ಟಿಕೊಂಡರು. ಚಿನ್ನ ಸುಳ್ಳಾಗಿತ್ತು, ಸಾಲು ನಿಜವಾಗಿತ್ತು. ಆದರೆ ಕೀಲಿ ಮಾರಿದ್ದು ಚಿನ್ನವನ್ನೇ. ಇವತ್ತಿಗೂ ಖಾತ್ರಿ ವಾಸಿ, ಗುಟ್ಟಿನ ಔಷಧ ಎಂದು ಜಾಹೀರಾತು ಕೊಡುವ ಜಾಗಗಳಿವೆ. ಅಂಥದ್ದು ಕಂಡರೆ ಡ್ವೈಟ್ ನೆನಪಿರಲಿ.

ಹೊಲದ ಜೈಲು

1920ರಲ್ಲಿ ದೇಶಾದ್ಯಂತ ಮದ್ಯಪಾನ ನಿಷೇಧ ಬಂತು. ಕುಡಿತವೇ ಇರುವುದಿಲ್ಲ, ಆಸ್ಪತ್ರೆ ಯಾಕೆ ಎಂದು ಜನ ಭಾವಿಸಿದರು. ಆ ಹೊತ್ತಿಗೆ ಅಫೀಮು, ಮಾರ್ಫಿನ್, ಹೆರಾಯಿನ್ ವ್ಯಸನಿಗಳಿಂದ ಜೈಲುಗಳು ತುಂಬತೊಡಗಿದ್ದವು. ಅವರಿಗಾಗಿ ಕೇಂದ್ರ ಸರಕಾರ 1935ರಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಸುಮಾರು 1,000 ಎಕರೆಯಲ್ಲಿ ನಾರ್ಕಾಟಿಕ್ ಫಾರ್ಮ್ ತೆರೆಯಿತು. ಅರ್ಧ ಜೈಲು, ಅರ್ಧ ಆಸ್ಪತ್ರೆ. ಶಿಕ್ಷೆಯಾದ ಖೈದಿಗಳೂ, ತಾವಾಗಿ ಬಂದವರೂ ಒಂದೇ ಸೂರಿನಡಿ. ಹಸು ಸಾಕುವುದು, ಹೊಲದ ಕೆಲಸ, ಬಡಗಿ ಕೆಲಸ, ಜೊತೆಗೆ ಸಂಗೀತ.

ಲೆಕ್ಸಿಂಗ್ಟನ್‌ನ ಕತೆಗೆ ಮೂರು ಮುಖ.

ಮೊದಲನೆಯದು ಸೋಲು. ಅಲ್ಲಿಂದ ನ್ಯೂಯಾರ್ಕಿಗೆ ಮರಳಿದ ಸಾವಿರಕ್ಕೂ ಹೆಚ್ಚು ಜನರನ್ನು ಹಿಂಬಾಲಿಸಿ ನೋಡಿದ ಅಧ್ಯಯನವೊಂದು 1962ರಲ್ಲಿ ಪ್ರಕಟವಾಯಿತು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನ ಮತ್ತೆ ಮಾದಕವಸ್ತುವಿಗೆ ಮರಳಿದ್ದರು, ಬಹುಪಾಲು ಕೆಲವೇ ತಿಂಗಳೊಳಗೆ. ಒಳಗೆ ಹಾಲು ಕರೆದು ಆರೋಗ್ಯವಾಗಿದ್ದವರನ್ನು ಅದೇ ಬೀದಿಗೆ, ಅದೇ ಗೆಳೆಯರ ನಡುವೆ ಬಿಟ್ಟರೆ ಇನ್ನೇನಾಗುತ್ತದೆ? ಅವರಿಗಾಗಿ ಹೊರಗೆ ಯಾರೂ ಕಾದಿರಲಿಲ್ಲ.

ಎರಡನೆಯದು ಒಂದು ಅರಿವು. ಅಲ್ಲಿನ ಸಂಶೋಧನಾ ವಿಭಾಗದಲ್ಲಿ ಹ್ಯಾರಿಸ್ ಇಸ್ಬೆಲ್ ಮತ್ತು ಜೊತೆಗಾರರು ಕೆಲವು ಜನರಿಗೆ ವಾರಗಟ್ಟಲೆ ಮದ್ಯ ಕೊಟ್ಟು, ಒಮ್ಮೆಲೇ ನಿಲ್ಲಿಸಿ ನೋಡಿದರು. ಖೈದಿಗಳ ಮೇಲೆ ಇಂಥ ಪ್ರಯೋಗ ಇಂದು ನಡೆಯುವಂತಿಲ್ಲ, ನಡೆಯಲೂಬಾರದು. ಆದರೆ 1955ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಸ್ಪಷ್ಟವಾಗಿತ್ತು. ಫಿಟ್ಸ್ ಮತ್ತು ಭ್ರಮೆ ಬರುವುದು ಕುಡಿದದ್ದರಿಂದಲ್ಲ, ಹಸಿವಿನಿಂದಲೂ ಅಲ್ಲ, ಒಮ್ಮೆಲೇ ನಿಲ್ಲಿಸಿದ್ದರಿಂದ. ಈ ಇಸವಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ನಮ್ಮ ಮಾವ ಸತ್ತದ್ದು ಅದಾಗಿ 38 ವರ್ಷಕ್ಕೆ.

ಮೂರನೆಯದು ಒಬ್ಬ ಸಂಗೀತಗಾರ. ಜಾಝ್ ಕೇಳುವವರಿಗೆ ಸ್ಯಾಕ್ಸೊಫೋನ್ ವಾದಕ ಸನ್ನಿ ರಾಲಿನ್ಸ್ ಗೊತ್ತಿರುತ್ತಾರೆ. ಹೆರಾಯಿನ್‌ಗೆ ಸಿಕ್ಕಿದ್ದ ಅವರು 1955ರಲ್ಲಿ ತಾವಾಗಿಯೇ ಲೆಕ್ಸಿಂಗ್ಟನ್‌ಗೆ ಸೇರಿ, ಬಿಟ್ಟು ಹೊರಬಂದರು. ಬಂದವರು ತಕ್ಷಣ ನ್ಯೂಯಾರ್ಕಿನ ಕ್ಲಬ್ಬುಗಳಿಗೆ ಹೋಗಲಿಲ್ಲ. ಷಿಕಾಗೋದಲ್ಲಿ ಉಳಿದು ಕೂಲಿ ಕೆಲಸ, ಕಸ ಗುಡಿಸುವ ಕೆಲಸ ಮಾಡಿದರು. ಹಳೆಯ ಸಹವಾಸ ಎದುರಾದರೆ ತಡೆದುಕೊಳ್ಳಬಲ್ಲೆ ಎಂಬ ನಂಬಿಕೆ ಬಂದ ಮೇಲೆ ಮತ್ತೆ ವೇದಿಕೆ ಹತ್ತಿದರು. ಅವರ ಹೆಸರುವಾಸಿ ಆಲ್ಬಮ್ ಸ್ಯಾಕ್ಸೊಫೋನ್ ಕೊಲೋಸಸ್ ಧ್ವನಿಮುದ್ರಣವಾದದ್ದು 1956ರಲ್ಲಿ, ಆ ಕೂಲಿ ಕೆಲಸದ ನಂತರ. ಒಂದೇ ಸಂಸ್ಥೆ. ಮರಳುವ ದಾರಿ ಮಾಡಿಕೊಂಡವರು ಉಳಿದರು.

ಹೊಟ್ಟೆನೋವು ಎಂದು ಬರೆದ ಸನ್ಯಾಸಿನಿ

ಈಗ ಒಹಾಯೋದ ಆಕ್ರನ್‌ಗೆ ಬನ್ನಿ. ಲೆಕ್ಸಿಂಗ್ಟನ್ ತೆರೆದ 1935ರಲ್ಲೇ ಅಲ್ಲಿ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದವರು, ಬಾಬ್ ಸ್ಮಿತ್ ಎಂಬ ಸರ್ಜನ್, ಇಬ್ಬರು ಕುಡುಕರು ಕೂತು ಮಾತಾಡಿದ್ದರಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿತು. ಮಾತಿಗೆ ಕೂರುವ ಮೊದಲು ನಡುಗುವ ಮೈ ಶಾಂತವಾಗಬೇಕಲ್ಲ? ಅದಕ್ಕೆ ಹಾಸಿಗೆ ಬೇಕು. ಆದರೆ ಕುಡುಕರನ್ನು ಆಸ್ಪತ್ರೆಗಳು ಸೇರಿಸಿಕೊಳ್ಳುತ್ತಿರಲಿಲ್ಲ. ಹಣ ಕೊಡುವುದಿಲ್ಲ, ಗಲಾಟೆ ಮಾಡುತ್ತಾರೆ, ಅದು ರೋಗವೇ ಅಲ್ಲ ಎಂದು.

ಸೇಂಟ್ ಥಾಮಸ್ ಆಸ್ಪತ್ರೆಯ ಪ್ರವೇಶ ವಿಭಾಗದಲ್ಲಿ ಸಿಸ್ಟರ್ ಇಗ್ನೇಷಿಯಾ ಎಂಬ ಸನ್ಯಾಸಿನಿ ಇದ್ದರು. 1939ರ ಆಗಸ್ಟ್‌ನಲ್ಲಿ ಡಾಕ್ಟರ್ ಬಾಬ್ ಕಳಿಸಿದ ರೋಗಿಯನ್ನು ಅವರು ದಾಖಲೆಯಲ್ಲಿ ಹೊಟ್ಟೆಯ ಉರಿಯೂತ ಎಂದು ಬರೆದು ಸೇರಿಸಿಕೊಂಡರು. ಆಮೇಲೆ ಅಲ್ಲಿ ಮದ್ಯವ್ಯಸನಿಗಳಿಗೇ ಒಂದು ವಾರ್ಡ್ ಆಯಿತು. ಕೆಲವು ದಿನ ಇರಬೇಕು, ಈಗಾಗಲೇ ಬಿಟ್ಟವರು ಬಂದು ಹಾಸಿಗೆಯ ಪಕ್ಕ ಕೂತು ಮಾತಾಡಬೇಕು, ಹೊರಗೆ ಹೋದಾಗ ಕರೆದುಕೊಂಡು ಹೋಗಲು ಅವರಲ್ಲೇ ಒಬ್ಬರು ಬರಬೇಕು. ಕೀಲಿಯ ಸಾಲು ಇಲ್ಲಿ ಚಿನ್ನದ ಸುಳ್ಳಿಲ್ಲದೆ ಮತ್ತೆ ಬಂತು. ಲೆಕ್ಸಿಂಗ್ಟನ್‌ನಲ್ಲಿ ಇಲ್ಲದ ಹೊರದಾರಿಯೂ ಬಂತು.

ನನಗೆ ಆ ಹೊಟ್ಟೆನೋವಿನ ಮಾತು ಓದಿ ನಗುವೂ ಬಂತು, ಅಳುವೂ ಬಂತು. ನಮ್ಮ ಮನೆಗಳಲ್ಲೂ ಅದೇ ತಾನೇ? ಲಿವರ್ ಹಾಳಾದರೆ ಜಾಂಡೀಸ್, ಬಿದ್ದು ಪೆಟ್ಟಾದರೆ ಬಿ.ಪಿ., ಪಾರ್ಟಿಗೆ ಬಾರದಿದ್ದರೆ ಆಫೀಸ್ ಕಾಲ್. ಒಂದೇ ವ್ಯತ್ಯಾಸ. ಸಿಸ್ಟರ್ ಸುಳ್ಳು ಬರೆದದ್ದು ಬಾಗಿಲು ತೆರೆಯಲು, ನಾವು ಹೇಳುವುದು ಬಾಗಿಲು ಮುಚ್ಚಲು.

ಮುಂದಿನ ಹೆಜ್ಜೆ ಮಿನೆಸೋಟಾದಲ್ಲಿ. 1949ರಲ್ಲಿ ಸೆಂಟರ್ ಸಿಟಿಯ ಒಂದು ತೋಟದ ಮನೆಯಲ್ಲಿ ಹೇಝಲ್ಡನ್ ಶುರುವಾಯಿತು. ಅದೇ ಕಾಲದಲ್ಲಿ ವಿಲ್ಮರ್ ಸರಕಾರಿ ಆಸ್ಪತ್ರೆಯ ನೆಲ್ಸನ್ ಬ್ರಾಡ್ಲಿ, ಡ್ಯಾನಿಯಲ್ ಆಂಡರ್ಸನ್ ಮತ್ತಿತರರು ಮದ್ಯವ್ಯಸನಿಗಳ ವಾರ್ಡಿನ ಬೀಗ ತೆಗೆಸಿದರು. ವೈದ್ಯರು, ಮನಶ್ಶಾಸ್ತ್ರಜ್ಞರು, ನರ್ಸುಗಳು, ಧರ್ಮಗುರುಗಳ ಜೊತೆಗೆ ತಾವೇ ಕುಡಿತ ಬಿಟ್ಟವರನ್ನು ಸಂಬಳ ಕೊಟ್ಟು ಸಲಹೆಗಾರರನ್ನಾಗಿ ನೇಮಿಸಿದರು. ಇದಕ್ಕೆ ಮಿನೆಸೋಟಾ ಮಾದರಿ ಎಂದು ಹೆಸರಾಯಿತು. ಇವತ್ತು ನೀವು ರಿಹ್ಯಾಬ್ ಎನ್ನುವುದರ ಬಹುಪಾಲು ರೂಪ ಅಲ್ಲಿಂದ ಬಂದದ್ದು. 1956ರಲ್ಲಿ ಅಮೆರಿಕದ ವೈದ್ಯರ ಸಂಘ ಮದ್ಯವ್ಯಸನ ಕಾಯಿಲೆ ಎಂದು ಒಪ್ಪಿ, ಆಸ್ಪತ್ರೆಗಳು ಇವರನ್ನು ಸೇರಿಸಿಕೊಳ್ಳಬೇಕೆಂದು ಹೇಳಿತು. 1970ರಲ್ಲಿ, ತಾನೇ ಕುಡಿತದಿಂದ ಹೊರಬಂದಿದ್ದ ಅಯೋವಾದ ಸೆನೆಟರ್ ಹೆರಾಲ್ಡ್ ಹ್ಯೂಸ್ ಮುಂದೆ ನಿಂತು ಚಿಕಿತ್ಸೆಗೆ ಸರಕಾರದ ಹಣ ಒದಗಿಸುವ ಕಾನೂನು ತಂದರು.

ನಮ್ಮ ನಾಡಿನಲ್ಲಿ

ಈ ಅರಿವು ಸಮುದ್ರ ದಾಟಿದ್ದು ಒಬ್ಬ ವಿಧವೆಯ ಕೈಯಲ್ಲಿ. ಚೆನ್ನೈನ ಶಾಂತಿ ರಂಗನಾಥನ್ ಅವರ ಗಂಡ ಮದ್ಯವ್ಯಸನದಿಂದ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಮರ್ಯಾದೆಗೆ ಅಂಜಿ ಮುಚ್ಚಿಡಬಹುದಿತ್ತು. ಅವರು ಅಮೆರಿಕಕ್ಕೆ ಬಂದು ತರಬೇತಿ ಪಡೆದು, 1980ರಲ್ಲಿ ಗಂಡನ ಹೆಸರಿನಲ್ಲಿ ಟಿ.ಟಿ. ರಂಗನಾಥನ್ ಕ್ಲಿನಿಕಲ್ ರಿಸರ್ಚ್ ಫೌಂಡೇಶನ್ ಸ್ಥಾಪಿಸಿದರು. ಅದರ ಟಿ.ಟಿ.ಕೆ. ಆಸ್ಪತ್ರೆಯಲ್ಲಿ ರೋಗಿಗೆ ಮಾತ್ರವಲ್ಲ, ಮನೆಯವರಿಗೂ ಪ್ರತ್ಯೇಕ ಕಾರ್ಯಕ್ರಮ ಇಟ್ಟರು. 1992ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1990ರ ದಶಕದ ಆರಂಭದಲ್ಲಿ ವ್ಯಸನಮುಕ್ತಿ ವಿಭಾಗ ಬಂತು. ಇಂದು ಅದು ಸೆಂಟರ್ ಫಾರ್ ಅಡಿಕ್ಷನ್ ಮೆಡಿಸಿನ್. ಅಮೆರಿಕದ ಆಸ್ಪತ್ರೆಗೂ ನಮ್ಮ ಕಡೆಯದಕ್ಕೂ ಒಂದು ಮುಖ್ಯ ವ್ಯತ್ಯಾಸ ನೋಡಿ. ನಮ್ಮಲ್ಲಿ ರೋಗಿಯ ಜೊತೆ ಮನೆಯವರೊಬ್ಬರು ಇರುವುದು ರೂಢಿ. ಹೆಂಡತಿಯೋ, ಅಣ್ಣನೋ, ಅಮ್ಮನೋ ಅಲ್ಲೇ ಇದ್ದು ಇದು ಸೋಮಾರಿತನ ಅಲ್ಲ, ಕಾಯಿಲೆ ಎಂದು ಕಲಿತು ಹೋಗುತ್ತಾರೆ.

ಇನ್ನೊಂದು ನಮ್ಮದೇ ರೀತಿಯದು ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಊರೂರಿನಲ್ಲಿ ನಡೆಸುವ ಮದ್ಯವರ್ಜನ ಶಿಬಿರ. ಶಾಲೆಯಲ್ಲೋ ಸಮುದಾಯ ಭವನದಲ್ಲೋ ಎಂಟು ದಿನ. ಶಿಬಿರಾರ್ಥಿಗಳು ಅಲ್ಲೇ ಉಳಿಯುತ್ತಾರೆ. ಆರೋಗ್ಯ ನೋಡಿಕೊಳ್ಳುವವರು ಇರುತ್ತಾರೆ. ಅಡುಗೆ, ಖರ್ಚು, ವ್ಯವಸ್ಥೆ ಊರಿನ ಸಮಿತಿ ಹೊರುತ್ತದೆ. ಮುಗಿಸಿದವರಿಗೆ ನವಜೀವನ ಸಮಿತಿ ಎಂಬ ಗುಂಪು. ತೀರಾ ಹೆಚ್ಚಿನ ವ್ಯಸನಕ್ಕೆ ಆಸ್ಪತ್ರೆಯೇ ಬೇಕು. ಆದರೆ ಊರೇ ಸೇರಿ ಒಬ್ಬನನ್ನು ಎಂಟು ದಿನ ನೋಡಿಕೊಳ್ಳುವುದನ್ನು ನೋಡಿದರೆ, ಇದು ಅವನ ಮನೆಯ ಗುಟ್ಟು ಎಂಬ ಮಾತು ಅಲ್ಲೇ ಬಿದ್ದುಹೋಗುತ್ತದೆ.

ಸೇರುವುದರಿಂದ ಸಿಗುವುದೇನು

ಇಷ್ಟು ಇತಿಹಾಸದಿಂದ ನಾನು ಕಲಿತದ್ದು ನಾಲ್ಕು ಮಾತು.

ಒಂದು, ಜೀವ ಉಳಿಯುತ್ತದೆ. ದಿನವೂ ಹೆಚ್ಚು ಕುಡಿಯುವವರು, ಹಿಂದೆ ಬಿಟ್ಟಾಗ ಫಿಟ್ಸ್ ಅಥವಾ ಭ್ರಮೆ ಬಂದವರು, ಕ್ಸಾನಾಕ್ಸ್‌ನಂಥ ಮಾತ್ರೆಗೆ ಅಂಟಿಕೊಂಡವರು, ಬೇರೆ ಕಾಯಿಲೆ ಅಥವಾ ಸಾಯುವ ಯೋಚನೆ ಇರುವವರು ಮನೆಯಲ್ಲಿ ಒಮ್ಮೆಲೇ ನಿಲ್ಲಿಸಬಾರದು. ವೈದ್ಯರ ಕಣ್ಣಳತೆಯಲ್ಲಿ ನಿಲ್ಲಿಸಬೇಕು.

ಎರಡು, ದೂರ ಸಿಗುತ್ತದೆ. ಬಾಟಲಿ ಇಟ್ಟ ಕಪಾಟು, ಪೂರೈಸುವ ಗೆಳೆಯ, ಜಗಳದ ಅಡುಗೆಮನೆ, ಇವುಗಳಿಂದ ಕೆಲವು ವಾರ ಆಚೆ ಇದ್ದರೆ ತಲೆ ತಿಳಿಯಾಗುತ್ತದೆ. ಖಿನ್ನತೆ, ಆತಂಕ ಒಳಗಿದ್ದರೆ ಆಗಲೇ ಗೊತ್ತಾಗುವುದು, ಆಗಲೇ ಚಿಕಿತ್ಸೆ ಶುರುವಾಗುವುದು.

ಮೂರು, ಜೊತೆ ಸಿಗುತ್ತದೆ. ತಾನೊಬ್ಬನೇ ಕೆಟ್ಟವನು ಎಂದುಕೊಂಡವನಿಗೆ ಪಕ್ಕದ ಹಾಸಿಗೆಯಲ್ಲಿ ಡಾಕ್ಟರೋ ಡ್ರೈವರೋ ಅದೇ ಕತೆ ಹೇಳುವುದು ಕೇಳಿಸುತ್ತದೆ.

ನಾಲ್ಕು, ದಾರಿ ಸಿಗಬೇಕು. ಇದು ತಾನಾಗಿ ಬರುವುದಿಲ್ಲ, ಕೇಳಿ ಪಡೆಯಬೇಕು. 28 ದಿನ ಎಂಬುದು ಮಂತ್ರದ ಸಂಖ್ಯೆ ಅಲ್ಲ. ಒಳಗಿನದೂ ಹೊರಗಿನದೂ ಸೇರಿ ಚಿಕಿತ್ಸೆ 90 ದಿನಕ್ಕಿಂತ ಕಡಿಮೆಯಾದರೆ ಉಪಯೋಗ ಕಡಿಮೆ ಎನ್ನುತ್ತದೆ ಇಲ್ಲಿನ ರಾಷ್ಟ್ರೀಯ ಸಂಶೋಧನಾ ಸಂಸ್ಥೆ ನೈಡಾ. ಹೆರಾಯಿನ್, ಫೆಂಟನಿಲ್‌ನಂಥ ಓಪಿಯಾಯ್ಡ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಕೆಲವು ವಾರ ಬಿಟ್ಟವರ ಮೈಗೆ ಹಳೆಯ ಪ್ರಮಾಣ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಹೊರಗೆ ಬಂದು ಒಮ್ಮೆ ಅಷ್ಟೇ ತೆಗೆದುಕೊಂಡರೂ ಸಾಯಬಹುದು. ಅದಕ್ಕೇ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಔಷಧವನ್ನು ಮುಂದುವರಿಸುವ ಕೇಂದ್ರ ನೋಡಿ. ಅದು ಒಂದು ಚಟ ಬಿಟ್ಟು ಇನ್ನೊಂದು ಹಿಡಿದಂತೆ ಅಲ್ಲ, ಸಕ್ಕರೆ ಕಾಯಿಲೆಯವರು ಇನ್ಸುಲಿನ್ ತೆಗೆದುಕೊಂಡಂತೆ. ಮನೆಯಲ್ಲಿ ನಲಾಕ್ಸೋನ್ ಇಟ್ಟುಕೊಳ್ಳಿ.

ಎಲ್ಲರಿಗೂ ಒಳಗೆ ಸೇರುವ ಅಗತ್ಯ ಇಲ್ಲ. ಎಷ್ಟೋ ಜನ ಹೊರಗಿನ ಚಿಕಿತ್ಸೆಯಲ್ಲೇ ಚೇತರಿಸಿಕೊಳ್ಳುತ್ತಾರೆ. ಯಾರಿಗೆ ಯಾವುದು ಎಂದು ವೈದ್ಯರು ಹೇಳಬೇಕು, ನಾನಲ್ಲ, ನಿಮ್ಮ ಅಮ್ಮನೂ ಅಲ್ಲ.

ಖರ್ಚಿನ ಮಾತು. ಇನ್ಶೂರೆನ್ಸ್‌ನಲ್ಲಿ ವ್ಯಸನದ ಚಿಕಿತ್ಸೆ ಇದ್ದರೆ ಅದಕ್ಕೆ ಬೇರೆ ಕಾಯಿಲೆಗಳಿಗಿಂತ ಬಿಗಿಯಾದ ಮಿತಿ ಹಾಕಬಾರದು ಎಂದು 2008ರ ಕಾನೂನು ಹೇಳುತ್ತದೆ. 26 ವರ್ಷ ತುಂಬುವವರೆಗೆ ನೀವು ಅಪ್ಪ ಅಮ್ಮನ ಪ್ಲಾನಿನಲ್ಲಿ ಇರಬಹುದು. ಈ ಚಿಕಿತ್ಸೆಯ ದಾಖಲೆಗಳಿಗೆ ವಿಶೇಷ ಗೋಪ್ಯತೆಯ ಕಾನೂನು ರಕ್ಷಣೆ ಇದೆ. ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಾಗದಿದ್ದರೆ ಸ್ಯಾಮ್ಸಾ ಸಹಾಯವಾಣಿ 1-800-662-4357, ದಿನದ 24 ಗಂಟೆ, ಉಚಿತ. ಸಾಯುವ ಯೋಚನೆ ಬಂದರೆ 988. ನಡುಕ ಜೋರಾಗಿ, ಫಿಟ್ಸ್ ಬಂದು, ಇಲ್ಲದ್ದು ಕಾಣತೊಡಗಿದರೆ 911, ಕಾಯಬೇಡಿ.

ಒಂದು ಪದ, ಒಂದು ಪ್ರಶ್ನೆ

ಭಾಷೆ ಓದಿದವಳಾದ್ದರಿಂದ ಇದನ್ನು ಹೇಳದೆ ಬಿಡಲಾರೆ. ಅಡಿಕ್ಷನ್‌ಗೆ ಕನ್ನಡದಲ್ಲಿ ಚಟ ಎನ್ನುತ್ತೇವೆ, ಅದರಲ್ಲಿ ಬೈಗುಳದ ವಾಸನೆ ಇದೆ. ಇನ್ನೊಂದು ಪದ ವ್ಯಸನ. ವ್ಯಸನ ಎಂದರೆ ಬಿಡಲಾಗದ ಅಭ್ಯಾಸ, ದುಃಖವೂ ಹೌದು. ಹಳೆಯ ತಲೆಮಾರಿನವರು ಸಾವಿನ ಸುದ್ದಿ ಕೇಳಿ ವ್ಯಸನವಾಯಿತು ಎನ್ನುತ್ತಾರೆ. ಒಂದೇ ಪದದಲ್ಲಿ ಕುಡಿಯುವವನ ಕಷ್ಟವೂ ಇದೆ, ಅವನ ಮನೆಯವರ ಕಷ್ಟವೂ ಇದೆ. ನೀವು ಮನೆಯಲ್ಲಿ ಮಾತಾಡುವಾಗ ಈ ಪದ ಬಳಸಿ ನೋಡಿ. ಮಾತಿನ ಧಾಟಿಯೇ ಬದಲಾಗುತ್ತದೆ.

ಆ ಶುಕ್ರವಾರ ನಾನು ಹುಡುಗಿಗೆ ಹೇಳಿದೆ: "ಪುಟ್ಟಾ, ಕೀ ಅಮ್ಮನ ಕೈಯಿಂದ ಇಸ್ಕೋ. ಅಪ್ಪ ಕೊನೇ ಸಲ ಯಾವಾಗ ಕುಡಿದರು, ದಿನಕ್ಕೆ ಎಷ್ಟು, ಬರೆದುಕೋ. ಈಗಲೇ ಹೊರಡಿ, ನಾನೂ ಬರ್ತೀನಿ." ಅವಳ ಅಪ್ಪನನ್ನು ಎಮರ್ಜೆನ್ಸಿಗೆ ಕರೆದುಕೊಂಡು ಹೋಗುವಾಗ ಅವರ ಕೈ ಆಗಲೇ ನಡುಗುತ್ತಿತ್ತು. ಐದು ದಿನ ಆಸ್ಪತ್ರೆ, ಆಮೇಲೆ ಒಂದು ತಿಂಗಳು ಕೇಂದ್ರದಲ್ಲಿ ವಾಸ, ಆಮೇಲೆ ವಾರಕ್ಕೆ ಮೂರು ಸಂಜೆ ಹೊರಗಿನ ಚಿಕಿತ್ಸೆ. ನಡುವೆ ಒಂದು ಸಲ ಜಾರಿದರು. ಮರುದಿನವೇ ತಾವಾಗಿ ಫೋನ್ ಮಾಡಿ ಹೇಳಿದರು. ಈಚೆಗೆ ನಮ್ಮ ಯುಗಾದಿ ಊಟದಲ್ಲಿ ಪಾನಕದ ಜವಾಬ್ದಾರಿ ಅವರದು. ಬೆಲ್ಲ ಸ್ವಲ್ಪ ಜಾಸ್ತಿಯಾಗಿತ್ತು.

ನಮ್ಮ ಅಜ್ಜಿ ಮಾವ ಹೋದ ಮೇಲೆ ಉಗ್ರಾಣದ ಚಿಲಕವನ್ನೇ ಕೀಳಿಸಿಬಿಟ್ಟಳು. ಎಷ್ಟೋ ವರ್ಷ ಕಳೆದ ಮೇಲೂ ನನ್ನನ್ನು ಕೇಳುತ್ತಿದ್ದಳು: "ಒಳ್ಳೇದಕ್ಕೇ ಮಾಡಿದ್ದಲ್ವೇನೇ ನಾನು?" ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. ಹೌದು ಅಜ್ಜಿ, ಒಳ್ಳೆಯದಕ್ಕೇ. ನಿನ್ನ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಲೆಕ್ಸಿಂಗ್ಟನ್‌ನಲ್ಲಿ 38 ವರ್ಷ ಮೊದಲೇ ಗೊತ್ತಾಗಿದ್ದ ಒಂದು ವಿಷಯ, ಬೆಂಗಳೂರಿನ ವಾರ್ಡಿನಲ್ಲಿ ಆಗಲೇ ದಿನವೂ ನಡೆಯುತ್ತಿದ್ದ ಒಂದು ಕೆಲಸ, ಒಂದು ರಾತ್ರಿಯ ಬಸ್ಸಿನಷ್ಟು ದೂರದಲ್ಲಿದ್ದ ನಿನ್ನ ಮನೆಗೆ ತಲುಪಿರಲಿಲ್ಲ.

ಗೆಳೆಯರೇ, ನಿಮ್ಮ ಮನೆಗೆ ಇವತ್ತು ತಲುಪಿದೆ. ಯಾರದೋ ಮನೆಯಲ್ಲಿ ಯಾರೋ ಒಬ್ಬರು ಕೀ ಹಿಡಿದು ನಿಂತಿದ್ದರೆ, ದಯವಿಟ್ಟು ಅಲ್ಲಿಗೂ ತಲುಪಿಸಿ.